ಲಾರಿ ಬರುವ ಮುಂಚಿನ ಎರಡು ದಿನ

ನೆರೆ ಬಂತೆಂದರೆ ಅದರ ಬೆನ್ನಿಗೇ ಲಾರಿಗಳು ಬರುತ್ತವೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಡದ ಊರುಗಳಿಗೆ ನುಗ್ಗಿದಾಗಲೂ ಬಂದವು. ಒಂದರಲ್ಲಿ ಬ್ರೆಡ್ಡು, ಬಿಸ್ಕತ್ತು. ಇನ್ನೊಂದರಲ್ಲಿ ನೂಡಲ್ಸ್ ಪೊಟ್ಟಣ. ಅದನ್ನು ಕುದಿಸಲು ಒಣ ಕಟ್ಟಿಗೆ ಎಲ್ಲಿತ್ತು? ಮತ್ತೊಂದರ ತುಂಬ ಹಳೇ ಬಟ್ಟೆ. ಜೀನ್ಸ್ ಪ್ಯಾಂಟು, ಮಿಂಚು ಹಚ್ಚಿದ ನೈಲಾನ್ ಸೀರೆ, ಒಂಟಿ ಚಪ್ಪಲಿ. ಕಾಳಜಿ ಕೇಂದ್ರದಲ್ಲಿ ಕೂತಿದ್ದ ಒಬ್ಬ ಮುದುಕಿ ಗುಲಾಬಿ ಬಣ್ಣದ ಸೀರೆ ಎತ್ತಿ ಹಿಡಿದು, "ಯವ್ವಾ, ಇದನ್ನ ಉಟಗೊಂಡು ನಾ ಯಾರ ಮದಿವಿಗಿ ಹೋಗ್ಲಿ?" ಎಂದಳು. ಅಷ್ಟು ದುಃಖದಲ್ಲೂ ಸುತ್ತಲಿದ್ದವರು ನಕ್ಕರು.

ಕೊಟ್ಟವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಲಾರಿ ಜೊತೆ ಬಂದ ಹುಡುಗರು ರಾತ್ರಿಯಿಡೀ ನಿದ್ದೆಗೆಟ್ಟು ಬಂದವರು. ನನ್ನ ತಕರಾರು ಬೇರೆ. ಇಲ್ಲಿ ಏನು ಬೇಕು ಎಂಬುದನ್ನು ಇಲ್ಲಿ ಇಲ್ಲದವರು ತೀರ್ಮಾನ ಮಾಡುತ್ತಾರೆ. ಪಡೆಯುವವರು ಕೈಚಾಚಿ ಸಾಲಿನಲ್ಲಿ ನಿಲ್ಲಬೇಕು, ಫೋಟೊಗೆ ಮುಖ ಕೊಡಬೇಕು, ಅಷ್ಟೇ.

ಇದು ನಮ್ಮ ಕಡೆ ಹೊಸದೂ ಅಲ್ಲ. ಹಿರಿಯರು ಈಗಲೂ ಅಮೆರಿಕದ ಕೆಂಪು ಜೋಳದ ಮಾತು ತೆಗೆಯುತ್ತಾರೆ. 1954ರಲ್ಲಿ ಅಮೆರಿಕ ಪಬ್ಲಿಕ್ ಲಾ 480 ಎಂಬ ಕಾಯ್ದೆ ಮಾಡಿತು. ತನ್ನಲ್ಲಿ ಬೆಳೆದು ಹೆಚ್ಚಾದ ಧಾನ್ಯವನ್ನು ಹೊರದೇಶಗಳಿಗೆ ಸಾಗಿಸುವ ಕಾಯ್ದೆ ಅದು. 1960ರ ದಶಕದ ಬರದಲ್ಲಿ ಗೋಧಿಯೂ ಮೈಲೋ ಎಂಬ ಆ ಕೆಂಪು ಜೋಳವೂ ಹಡಗುಗಳಲ್ಲಿ ಬಂದವು. ಬಿಳಿಜೋಳದ ರೊಟ್ಟಿ ತಿಂದ ಬಾಯಿಗೆ ಅದು ಸೇರಲಿಲ್ಲ. ಹೊಟ್ಟೆಗೆ ಬೇಕಲ್ಲ, ತಿಂದರು. ಅದು ಜೀವ ಉಳಿಸಿದ್ದು ಸುಳ್ಳಲ್ಲ. ಆದರೆ ಅದರಿಂದ ಅಮೆರಿಕದ ಗೋದಾಮೂ ಖಾಲಿಯಾಯಿತು. ಹೊಲದಲ್ಲಿ ಬೆಳೆಯುವ ಕಾಂಗ್ರೆಸ್ ಕಸ ಆ ಗೋಧಿ ಜೊತೆಗೇ ಬಂತು ಎಂದು ನಮ್ಮ ರೈತರು ಬೈಯುವುದನ್ನು ನೀವೂ ಕೇಳಿರುತ್ತೀರಿ.

ನಾನು ಕಲಬುರಗಿಯಲ್ಲಿ ಇದ್ದುಕೊಂಡು ಭೀಮೆಯ ದಡದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳ ಜೊತೆ ಕೆಲಸ ಮಾಡುವವಳು. ಸಾಲ, ಉಳಿತಾಯ, ರೊಟ್ಟಿ ಮಾರಾಟ, ಇದೇ ನಮ್ಮ ಕೆಲಸ. ನೆರೆ ಪರಿಹಾರ ನಮ್ಮ ಪಾಲಿಗೆ ಬಂದದ್ದು ಬೇರೆ ದಾರಿ ಇಲ್ಲದೆ. ಗುಂಪಿನ ಅರ್ಧ ಸದಸ್ಯರ ಮನೆಯೇ ನೀರಲ್ಲಿದ್ದರೆ ಸಾಲದ ಕಂತಿನ ಮಾತು ಯಾರ ಹತ್ತಿರ ಆಡುವುದು?

ಯೋಚನೆಗೆ ಒಂದು ದಿಕ್ಕು ಸಿಕ್ಕಿದ್ದು ಹೈದರಾಬಾದಿನಲ್ಲಿ. ಭಾರತ ಸರ್ಕಾರ 1964ರಿಂದ ಐಟೆಕ್ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ದೇಶಗಳಿಂದ ಅಧಿಕಾರಿಗಳು, ಕಾರ್ಯಕರ್ತರು ಬಂದು ಇಲ್ಲಿ ತರಬೇತಿ ಪಡೆಯುತ್ತಾರೆ. ಅಂಥವರ ಒಂದು ತಂಡಕ್ಕೆ ಹಳ್ಳಿಯ ಅನುಭವ ಹೇಳಲು ನನ್ನನ್ನು ಕರೆದಿದ್ದರು. ಅಲ್ಲಿ ದಕ್ಷಿಣ–ದಕ್ಷಿಣ ಸಹಕಾರ ಎಂದು ಗೋಡೆಗೆ ದೊಡ್ಡ ಬ್ಯಾನರ್ ಹಾಕಿದ್ದರು. ಶ್ರೀಮಂತ ದೇಶಗಳು ಉತ್ತರ, ಬಡ ದೇಶಗಳು ದಕ್ಷಿಣ ಎಂಬ ಲೆಕ್ಕ ಅದು. 1955ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾದ ದೇಶಗಳು ಸೇರಿದ್ದು, 1978ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬಡ ದೇಶಗಳ ನಡುವಿನ ತಾಂತ್ರಿಕ ಸಹಕಾರಕ್ಕೆ ಒಂದು ಯೋಜನೆ ಒಪ್ಪಿದ್ದು, ಎಲ್ಲ ಹೇಳಿದರು. ನಿಜ ಹೇಳಬೇಕೆಂದರೆ ಆ ಭಾಷಣದ ಹೊತ್ತಿಗೆ ನನಗೆ ಕಣ್ಣು ಎಳೆಯುತ್ತಿತ್ತು.

ಎಚ್ಚರವಾದದ್ದು ಊಟದ ಹೊತ್ತಿಗೆ. ಪಕ್ಕದಲ್ಲಿ ಮಲಾವಿ ದೇಶದ ಕೃಷಿ ಇಲಾಖೆಯವರೊಬ್ಬರು ಕೂತಿದ್ದರು. ಬೇಳೆ ನೋಡಿ, "ಇದು ನಂಡೋಲೊ ಅಲ್ವಾ?" ಎಂದರು. ನಮ್ಮ ತೊಗರಿಗೆ ಅವರ ಊರಲ್ಲಿ ಆ ಹೆಸರು. ಆಮೇಲೆ ಕೇಳಬೇಕೆ! ಕಲಬುರಗಿಯವಳು ನಾನು, ತೊಗರಿ ಕಣಜದವಳು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದದ್ದನ್ನು ಹೇಳಿಯೇ ಬಿಟ್ಟೆ. ಅವರು ಗಿಡ ಒಣಗಿಸುವ ನೆಟೆ ರೋಗದ ಮಾತು ತೆಗೆದರು. ನಮ್ಮ ಹೊಲಗಳನ್ನು ನೆಟೆಯಿಂದ ಕಾಪಾಡಿದ ಮಾರುತಿ ತಳಿ ಬಂದದ್ದು 1980ರ ದಶಕದಲ್ಲಿ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಕೆಲಸದಿಂದ. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಇದೆ ಅದು. ಅದೇ ಸಂಸ್ಥೆಯ ಸಂಗ್ರಹದಿಂದ ಅದೇ ದಶಕದಲ್ಲಿ ಮಲಾವಿಗೂ ನೆಟೆ ತಡೆಯುವ ತಳಿ ಹೋಗಿತ್ತು. ನಾವಿಬ್ಬರೂ ಮುಖ ನೋಡುವ ಮೊದಲೇ ನಮ್ಮ ಬೀಜಗಳಿಗೆ ಪರಿಚಯವಾಗಿತ್ತು.

ಮಧ್ಯಾಹ್ನ ನಾನು ನಮ್ಮ ನೆರೆ ಕೆಲಸದ ಲೆಕ್ಕ ಒಪ್ಪಿಸಿದೆ. ಎಷ್ಟು ಕಿಟ್, ಎಷ್ಟು ಹೊದಿಕೆ, ಎಷ್ಟು ತಾಡಪತ್ರಿ. ಮಲಾವಿಯವರು ಕೈ ಎತ್ತಿ ಒಂದೇ ಪ್ರಶ್ನೆ ಕೇಳಿದರು. "ಲಾರಿ ಬಂದದ್ದು ಮೂರನೇ ದಿನ ಅಂತೀರಿ. ಮೊದಲ ಎರಡು ದಿನ ಜನ ಏನು ತಿಂದರು?"

ಅದು ನಮ್ಮ ಯಾವ ವರದಿಯಲ್ಲೂ ಇರಲಿಲ್ಲ. ಆದರೆ ಉತ್ತರ ನನಗೆ ಗೊತ್ತಿತ್ತು. ದಡದಿಂದ ದೂರ, ಎತ್ತರದಲ್ಲಿರುವ ಊರುಗಳಿಂದ ರೊಟ್ಟಿ ಬುತ್ತಿ ಬಂದಿತ್ತು. ಯಾರೂ ಕೇಳಿರಲಿಲ್ಲ, ಯಾರೂ ಬ್ಯಾನರ್ ಕಟ್ಟಿರಲಿಲ್ಲ. ಟ್ರ್ಯಾಕ್ಟರಿನಲ್ಲಿ, ಬೈಕಿನ ಹಿಂದೆ, ಬಟ್ಟೆಯಲ್ಲಿ ಸುತ್ತಿದ ಗಂಟುಗಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಒಂದಿಷ್ಟು ಪುಂಡಿಪಲ್ಯ. 2019ರಲ್ಲಿ ಕೃಷ್ಣೆಯ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಮನೆಗಳು ಮುಳುಗಿದಾಗಲೂ ಉತ್ತರ ಕರ್ನಾಟಕದ ಊರೂರುಗಳಲ್ಲಿ ಹೆಂಗಸರು ಒಲೆ ಮುಂದೆ ಕೂತಿದ್ದರು. ಅದು ನಮಗೆ ಎಷ್ಟು ಸಹಜ ಅಂದರೆ, ಅದನ್ನು ಪರಿಹಾರ ಅಂತ ಯಾರೂ ಎಣಿಸಿರಲೇ ಇಲ್ಲ.

ಮಲಾವಿಯವರು ತಮ್ಮ ಕಥೆ ಹೇಳಿದರು. 2019ರ ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತ ಮೊಜಾಂಬಿಕ್, ಮಲಾವಿ, ಜಿಂಬಾಬ್ವೆ ಮೂರನ್ನೂ ಹೊಡೆಯಿತು. ಮೊಜಾಂಬಿಕ್‌ನ ಬೈರಾ ಬಂದರಿಗೆ ಮೊದಲು ತಲುಪಿದವರಲ್ಲಿ ನಮ್ಮ ನೌಕಾಪಡೆಯ ಹಡಗುಗಳೂ ಇದ್ದವು. ಯಾಕೆಂದರೆ ಅವು ಅಲ್ಲೇ ಹತ್ತಿರದ ಸಮುದ್ರದಲ್ಲಿದ್ದವು. "ಹತ್ತಿರ ಇದ್ದವರು ಮೊದಲು ಬರುತ್ತಾರೆ. ಹಾಗಾದರೆ ಸಿದ್ಧತೆ ಹತ್ತಿರದವರಿಗೇ ಇರಬೇಕಲ್ಲ?" ಎಂದರು. ಈ ಮಾತು ತಲೆಯಲ್ಲಿ ಇಟ್ಟುಕೊಂಡು ಕಲಬುರಗಿ ರೈಲು ಹತ್ತಿದೆ.

ಮುಂದೆ ನಾವು ಮಾಡಿದ್ದು ಇಷ್ಟು. ಹಣ ಕೇಳಲಿಲ್ಲ, ಸಾಮಾನು ಕೇಳಲಿಲ್ಲ. ನಮ್ಮಂಥ ಊರುಗಳು ಬೇರೆ ದೇಶಗಳಲ್ಲಿ ಹೇಗೆ ಮಾಡಿದವು ಎಂದು ಕೇಳಿದೆವು. ಹಣ ಬೇಡವಾಗಿತ್ತು ಎಂದಲ್ಲ. ಅದನ್ನು ಮೊದಲು ಕೇಳಲಿಲ್ಲ, ಅಷ್ಟೇ.

ಆ ತರಬೇತಿಯಲ್ಲಿ ಬಾಂಗ್ಲಾದೇಶದ ಒಬ್ಬ ಹೆಣ್ಣುಮಗಳಿದ್ದಳು, ಕರಾವಳಿಯ ಸ್ವಯಂಸೇವಕಿ. ಫೋನಿನಲ್ಲಿ ಅವಳ ಜೊತೆ ಸಂಪರ್ಕ ಉಳಿಯಿತು. ಅವಳ ಹಿಂದಿ, ನನ್ನ ಹಿಂದಿ, ಎರಡೂ ಅಷ್ಟಕ್ಕಷ್ಟೇ. ಆದರೂ ನಡೆಯಿತು. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತ ಅವರ ಕರಾವಳಿಯಲ್ಲಿ 3ರಿಂದ 5 ಲಕ್ಷ ಜನರನ್ನು ನುಂಗಿತು. 1972ರಲ್ಲಿ ಅಲ್ಲಿನ ಸರ್ಕಾರವೂ ರೆಡ್ ಕ್ರಾಸ್‌ನವರೂ ಸೇರಿ ಸ್ವಯಂಸೇವಕರ ಪಡೆ ಕಟ್ಟಿದರು. ಈಗ ಸುಮಾರು 76,000 ಜನ ಇದ್ದಾರೆ, ಅರ್ಧದಷ್ಟು ಹೆಂಗಸರು. 1991ರ ಚಂಡಮಾರುತದಲ್ಲಿ ಮತ್ತೆ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. 2007ರ ಸಿಡ್ರ್ ಭಾರೀ ಬಿರುಗಾಳಿಯೇ, ಸತ್ತವರು ಸುಮಾರು 3,400. ಅದೂ ಕಡಿಮೆಯಲ್ಲ. ಆದರೆ ಲಕ್ಷಗಳ ಲೆಕ್ಕ ಸಾವಿರಕ್ಕೆ ಇಳಿದಿತ್ತು. ನಡುವೆ ಆಸರೆ ಕಟ್ಟಡ ಕಟ್ಟಿದ್ದರು, ದಂಡೆ ಹಾಕಿದ್ದರು, ಎಚ್ಚರಿಕೆಯನ್ನು ಮನೆ ಬಾಗಿಲಿಗೆ ಮುಟ್ಟಿಸಿದ್ದರು.

ಆ ಸ್ವಯಂಸೇವಕರ ಕೈಯಲ್ಲಿ ಇರುವುದೇನು? ಒಂದು ಮೆಗಾಫೋನ್, ಕೈಯಲ್ಲಿ ತಿರುಗಿಸುವ ಸೈರನ್, ಬಾವುಟ. ಅಪಾಯ ಹೆಚ್ಚಿದ ಹಾಗೆ ಒಂದು, ಎರಡು, ಮೂರು ಬಾವುಟ ಏರುತ್ತವೆ. ಓದು ಬರದವರಿಗೂ ಗೊತ್ತಾಗುತ್ತದೆ, ಕರೆಂಟ್ ಬೇಕಿಲ್ಲ, ನೆಟ್‌ವರ್ಕ್ ಬೇಕಿಲ್ಲ.

ನಾವು ಅದನ್ನೇ ಎತ್ತಿಕೊಂಡೆವು. ತಲೆಬಿಸಿ ಆದದ್ದು ಬಣ್ಣದ್ದು. ಕೆಂಪು ಎಂದರೆ ಒಬ್ಬರ ಪಕ್ಷ, ಕೇಸರಿ ಎಂದರೆ ಇನ್ನೊಬ್ಬರದು, ಹಸಿರು ಎಂದರೆ ಒಂದು ಅರ್ಥ, ನೀಲಿ ಎಂದರೆ ಮತ್ತೊಂದು. ಬಿಳಿ ಹಾಕಿದರೆ ಯಾರೋ ಶರಣಾದ ಹಾಗೆ. ಸಭೆಯಲ್ಲಿ ಇದೇ ಜಗಳ ಬಹಳ ಹೊತ್ತು ನಡೆಯಿತು. ಕೊನೆಗೆ ಗುಂಪಿನ ಒಬ್ಬಾಕೆ ಎದ್ದು ಹೋಗಿ, 2020ರಲ್ಲಿ ಯಾರೂ ಉಡದೆ ಉಳಿದಿದ್ದ ಗುಲಾಬಿ ನೈಲಾನ್ ಸೀರೆಗಳ ಗಂಟು ತಂದು ಹಾಕಿದಳು. ಪಕ್ಕದ ತೆಲಂಗಾಣದಲ್ಲಿ ಗುಲಾಬಿಗೂ ಒಂದು ಪಕ್ಷವಿದೆ. ಆದರೆ ಭೀಮೆಯ ದಡದಲ್ಲಿ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನೈಲಾನ್ ಬೇಗ ಒಣಗುತ್ತದೆ, ಮೋಡದಲ್ಲೂ ದೂರಕ್ಕೆ ಕಾಣುತ್ತದೆ. ಕಳಿಸಿದವರಿಗೆ ನಮ್ಮ ಥ್ಯಾಂಕ್ಸ್.

ಮೊದಲ ಬಾವುಟ ಏರಿದರೆ ಕಾಗದಪತ್ರ, ಕಾಳು ಎತ್ತರಕ್ಕೆ. ಎರಡನೆಯದಕ್ಕೆ ಮುದುಕರು, ಬಸುರಿ ಬಾಣಂತಿಯರು, ದನ ಊರು ಬಿಡಬೇಕು. ಮೂರನೆಯದಕ್ಕೆ ಎಲ್ಲರೂ. ಕರೆಂಟ್ ಇರುವತನಕ ಗುಡಿಯ ಮೈಕು, ಮಸೀದಿಯ ಮೈಕು ಎರಡರಲ್ಲೂ ಕೂಗುತ್ತಾರೆ. ಆಮೇಲೆ ಮೆಗಾಫೋನ್. ಅದೂ ಕೆಟ್ಟರೆ ಬಾರಿಸಲು ಹಲಗಿ ಇದ್ದೇ ಇದೆ.

ಆದರೆ ಬಾವುಟ ಯಾವಾಗ ಏರಿಸಬೇಕು? ಜಿಲ್ಲಾಡಳಿತದಿಂದ ಎಚ್ಚರಿಕೆ ಬರುತ್ತದೆ. ಸೊನ್ನ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್ ಬಿಟ್ಟರು ಎಂದು ಮೊಬೈಲಿಗೆ ಮೆಸೇಜ್ ಬರುತ್ತದೆ. ಒಳ್ಳೆಯದೇ. ಆದರೆ ಒಂದು ಲಕ್ಷ ಕ್ಯುಸೆಕ್ ಎಂದರೆ ನೀರು ನಮ್ಮ ಓಣಿಯ ಯಾವ ಮನೆಯವರೆಗೆ ಬರುತ್ತದೆ? ಅದನ್ನು ಮೆಸೇಜ್ ಹೇಳುವುದಿಲ್ಲ.

ಇಲ್ಲಿ ಎರಡು ಕಡೆಯ ಬುದ್ಧಿ ಕೂಡಿಸಿದೆವು. ಮಲಾವಿಯಲ್ಲಿ ನದಿ ದಡದಲ್ಲಿ ಹಸಿರು, ಹಳದಿ, ಕೆಂಪು ಬಳಿದ ಕಂಬ ನೆಡುತ್ತಾರೆ, ನೋಡುವ ಜವಾಬ್ದಾರಿ ಊರಿನವರದೇ. ನೇಪಾಳ ಮತ್ತು ಬಿಹಾರದ ನಡುವೆ ಹರಿಯುವ ರತು ನದಿಯ ಮೇಲೆ ಇನ್ನೊಂದು ಪದ್ಧತಿ ಇದೆ. ಮೇಲಿನ ನೇಪಾಳದವರು ನೀರು ಏರುವುದನ್ನು ನೋಡಿ ಕೆಳಗಿನ ಬಿಹಾರದವರಿಗೆ ನೇರವಾಗಿ ಫೋನ್ ಮಾಡುತ್ತಾರೆ. ಎರಡು ದೇಶದ ರಾಜಧಾನಿಗಳ ಮೂಲಕ ಸುದ್ದಿ ಸುತ್ತಿ ಬರುವತನಕ ಕಾಯುವುದಿಲ್ಲ. 2017ರ ನೆರೆಯಲ್ಲಿ ಅದು ಕೆಲಸಕ್ಕೆ ಬಂತು.

ನಮ್ಮದೂ ಮೇಲಿನಿಂದ ಬರುವ ನೀರೇ ಅಲ್ವಾ? ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ, ನೀರಾ ನದಿಯ ವೀರ್ ಅಣೆಕಟ್ಟಿನಿಂದ ಬಿಟ್ಟರೆ, ಎಲ್ಲ ಪಂಢರಪುರದ ಮೇಲೆ ಹಾದು ನಮ್ಮ ಕಡೆಗೇ ಬರಬೇಕು. ಮತ್ತು ಪಂಢರಪುರ ನಮಗೆ ಪರದೇಶವೇ? ಪ್ರತಿವರ್ಷ ದಿಂಡಿ ಕಟ್ಟಿಕೊಂಡು ನಡೆದು ಹೋಗುವವರು ನಾವು. ಮಂಗಳವೇಢ, ಅಕ್ಕಲಕೋಟೆ ಕಡೆ ಹೆಣ್ಣು ಕೊಟ್ಟು ತಂದ ಮನೆಗಳು ಎಷ್ಟು ಬೇಕು. ಗುಂಪಿನ ಹೆಣ್ಣುಮಕ್ಕಳ ತವರು, ಬೀಗರ ಮನೆ, ವಾರಕರಿ ಗೆಳೆಯರು, ಎಲ್ಲರ ನಂಬರ್ ಬರೆದುಕೊಂಡೆವು. ಪಂಢರಪುರದಲ್ಲಿ ಭೀಮೆಗೆ ಚಂದ್ರಭಾಗೆ ಎಂದು ಹೆಸರು, ಅದರ ಪಾತ್ರದಲ್ಲಿ ಪುಂಡಲೀಕನ ಗುಡಿ ಇದೆ. ನೀರು ಏರಿದರೆ ಮೊದಲು ಸುತ್ತುವರಿಯುವುದು ಅದನ್ನೇ. ಫೋನಿನಲ್ಲಿ ಕ್ಯುಸೆಕ್ ಕೇಳುವ ಕೆಲಸವೇ ಇಲ್ಲ. "ಪುಂಡಲೀಕ ಎಷ್ಟು ಮುಳುಗ್ಯಾನ್ರಿ?" ಎಂದು ಕೇಳಿದರೆ ಸಾಕು.

ಪಂಢರಪುರದಲ್ಲಿ ಕಂಡ ನೀರು ನಮ್ಮಲ್ಲಿಗೆ ತಕ್ಷಣ ಬರುವುದಿಲ್ಲ. ನಡುವೆ ಸಿಗುವ ಹೊತ್ತೇ ನಮ್ಮ ಬಂಡವಾಳ. ಆ ಹೊತ್ತಿನಲ್ಲಿ ದನ ಬಿಚ್ಚಬಹುದು, ಜೋಳದ ಚೀಲ ಮಾಳಿಗೆಗೆ ಏರಿಸಬಹುದು. ಹಿಂದಿನ ನೆರೆಗಳಲ್ಲಿ ನೀರು ನಿಂತ ಗುರುತನ್ನು ಹಿರಿಯರನ್ನು ಕೇಳಿ ಕೇಳಿ ಊರ ಗೋಡೆಗಳ ಮೇಲೆ ಮೂರು ಬಣ್ಣದಲ್ಲಿ ಬಳಿದೆವು. ಸರ್ಕಾರದ ಎಚ್ಚರಿಕೆಗೆ ಇದು ಬದಲಿ ಅಲ್ಲ. ಗ್ರಾಮ ಆಡಳಿತಾಧಿಕಾರಿಗೂ ಪಂಚಾಯಿತಿಯ ಪಿಡಿಒಗೂ ಹೇಳಿಯೇ ಬಾವುಟ ಏರಿಸುತ್ತೇವೆ. ಮೊದಮೊದಲು ಅವರಿಗೆ ಇದು ತಮಾಷೆಯಾಗಿತ್ತು. ಈಗ ಅವರೇ ಫೋನ್ ಮಾಡಿ "ಮೇಡಂ, ಪುಂಡಲೀಕನ ಸುದ್ದಿ ಏನ್ರಿ?" ಅನ್ನುತ್ತಾರೆ.

ಇನ್ನು ರೊಟ್ಟಿ. ಜಾಸ್ತಿ ಚರ್ಚೆ ಆಗಿದ್ದೂ, ಜಾಸ್ತಿ ಖುಷಿ ಕೊಟ್ಟಿದ್ದೂ ಇದೇ.

ಬ್ರೆಜಿಲ್ 2003ರಲ್ಲಿ ಒಂದು ಕಾರ್ಯಕ್ರಮ ತಂದಿತು. ಹಸಿದವರಿಗೆ ಕೊಡುವ ಆಹಾರವನ್ನು ಸರ್ಕಾರ ಅಲ್ಲಿನ ಸಣ್ಣ ರೈತರಿಂದಲೇ ಕೊಳ್ಳುವುದು. 2009ರ ಕಾಯ್ದೆಯಲ್ಲಿ ಶಾಲೆ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡ 30 ಭಾಗ ಇಂಥ ರೈತರಿಗೇ ಹೋಗಬೇಕು ಎಂದು ಬರೆದರು. 2012ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳ ಜೊತೆ ಸೇರಿ ಇದೇ ಪದ್ಧತಿಯನ್ನು ಇಥಿಯೋಪಿಯಾ, ಮಲಾವಿ, ಮೊಜಾಂಬಿಕ್, ನೈಜರ್, ಸೆನೆಗಲ್ ದೇಶಗಳಿಗೆ ತೆಗೆದುಕೊಂಡು ಹೋದರು. ನನ್ನ ಮಲಾವಿ ಗೆಳೆಯರು ಅದನ್ನು ಕಣ್ಣಾರೆ ಕಂಡವರು. ಶಾಲೆಯ ಮಕ್ಕಳ ಊಟಕ್ಕೆ ಪಕ್ಕದ ಹೊಲದ ಕಾಳು. ಹೊರಗಿನಿಂದ ಧಾನ್ಯ ತಂದು ಸುರಿದರೆ ಪಕ್ಕದ ರೈತನ ಬೆಲೆ ಬೀಳುತ್ತದೆ, ಅವನೂ ಮುಂದಿನ ವರ್ಷ ಸಾಲಿನಲ್ಲಿ ನಿಲ್ಲುತ್ತಾನೆ ಎಂದು ವಿವರಿಸಿದರು.

ನಮ್ಮ ಹತ್ತಿರ ಜೋಳ ಇದೆ, ತೊಗರಿ ಇದೆ, ಶೇಂಗಾ ಇದೆ, ರೊಟ್ಟಿ ಬಡಿಯುವ ಕೈಗಳಿವೆ. ಕಲಬುರಗಿಯಲ್ಲಿ ಕಡಕ್ ರೊಟ್ಟಿ ನೂರರ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಹಾಗಿದ್ದಾಗ ಬಿಸ್ಕತ್ತು ಯಾಕೆ ಬೇಕು? ದಡದ ಪ್ರತಿ ಊರಿಗೂ ಎತ್ತರದ ಒಂದು ಊರನ್ನು ಜೋಡಿ ಮಾಡಿದೆವು. ದಡದಲ್ಲಿ ಮೊದಲ ಬಾವುಟ ಏರಿದ ಕೂಡಲೇ ಜೋಡಿ ಊರಿನ ಹೆಂಗಸರು ಜೋಳ ತಗೊಂಡು ಗಿರಣಿಗೆ ಓಡಬೇಕು. ರೊಟ್ಟಿಗಿಂತ ಮೊದಲು ಹಿಟ್ಟು. ಯಾಕೆಂದರೆ ಮಳೆ ಜೋರಾದ ಮೇಲೆ ಕರೆಂಟ್ ಹೋಗುತ್ತದೆ, ಗಿರಣಿ ನಿಲ್ಲುತ್ತದೆ. ಹಿಟ್ಟು ಕೈಯಲ್ಲಿದ್ದರೆ ಒಲೆ ಹೇಗೋ ಹತ್ತುತ್ತದೆ. ಹಿಂಡಿ ಮಾತ್ರ ಮುಂಚೆಯೇ ಕುಟ್ಟಿ ಡಬ್ಬಿ ತುಂಬಿಸಿಡುತ್ತಾರೆ.

ಕಡಕ್ ರೊಟ್ಟಿ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗಾಲದ ಥಂಡಿಯಲ್ಲಿ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಅದಕ್ಕೇ ಮುಂಚೆ ಮಾಡಿ ಕೂಡಿಡುವುದಿಲ್ಲ. ಬಿಸಿಲಿಲ್ಲದ ದಿನ ಸಣ್ಣ ಉರಿಯಲ್ಲಿ ಹಂಚಿನ ಮೇಲೆಯೇ ಒಣಗಿಸಿ, ಆರಿದ ಮೇಲೆ ತಗಡಿನ ಡಬ್ಬಿಗೆ ಹಾಕುತ್ತಾರೆ. ಪ್ಲಾಸ್ಟಿಕ್ ಚೀಲಕ್ಕೆ ಬಿಸಿಬಿಸಿ ತುಂಬಿದರೆ ಮುಗಿಯಿತು, ಬೆವತು ಹಾಳಾಗುತ್ತದೆ. ಹಲ್ಲಿಲ್ಲದವರಿಗೆ ಮಜ್ಜಿಗೆಯಲ್ಲಿ ಮುರಿದು ಹಾಕಿ ನೆನೆಸಿ ಕೊಡುತ್ತಾರೆ. ಇದನ್ನೆಲ್ಲ ಹೆಂಗಸರು ನನಗೆ ಕಲಿಸಿದ್ದು, ನಾನು ಅವರಿಗಲ್ಲ.

ದೊಡ್ಡ ಜಗಳ ಎದ್ದಿದ್ದು ದುಡ್ಡಿನ ಮಾತಿಗೆ. ಜೋಡಿ ಊರಿನವರಿಗೆ ರೊಟ್ಟಿಗೆ ಬೆಲೆ ಕೊಡಬೇಕು ಅಂದೆ. ಸಭೆ ಗದ್ದಲವಾಯಿತು. "ಬುತ್ತಿಗಿ ರೊಕ್ಕಾ ತಗೊಳ್ಳೋದಾ? ನಾಳೆ ಮಂದಿ ಏನಂದಾರು?" ಎಂದು ಒಬ್ಬ ಹಿರಿಯಾಕೆ ಎದ್ದು ನಿಂತಳು. ಅವಳ ಸೊಸೆಯೇ ತಿರುಗಿ ಹೇಳಿದಳು: "ಅತ್ತೀ, ಒಂದಿನ ಆದ್ರ ಪುಣ್ಯಾ. ಹದಿನೈದ ದಿನ ಆದ್ರ ನಮ್ಮ ಜ್ವಾಳಾ ಎಲ್ಲಿಂದ ತರೂದು?" ಇಬ್ಬರದೂ ಸರಿ. ಕೊನೆಗೆ ಗುಂಪೇ ತೀರ್ಮಾನ ಮಾಡಿತು. ಮೊದಲ ದಿನದ ಬುತ್ತಿ ಪುಕ್ಕಟೆ, ಅದಕ್ಕೆ ಬೆಲೆ ಕಟ್ಟುವುದು ಬೇಡ. ಎರಡನೇ ದಿನದಿಂದ ಕಲಬುರಗಿ ಮಾರುಕಟ್ಟೆಯ ದರ. ದುಡ್ಡು ಗುಂಪಿನ ಖಾತೆಗೆ. ದಡದ ಊರಿನವರು ಕೂಡ ತಿಂಗಳಿಗಿಷ್ಟು ಎಂದು ಆ ನಿಧಿಗೆ ಹಾಕುತ್ತಾರೆ. ಬರ ಬಿದ್ದರೆ ಆ ನಿಧಿ ಎತ್ತರದ ಊರಿಗೆ ಹೋಗುತ್ತದೆ. ನೆರೆಯಲ್ಲಿ ನಾನು ನಿನಗೆ, ಬರದಲ್ಲಿ ನೀನು ನನಗೆ. ಭೀಮೆಯ ದಡದಲ್ಲಿ ಒಂದು ವರ್ಷ ನೆರೆ ಬಂದರೆ ಇನ್ನೆರಡು ವರ್ಷ ಬರ ಬೀಳುವುದು ನಮಗೆ ಗೊತ್ತಿರುವ ಲೆಕ್ಕವೇ.

ಇದನ್ನು ಹಣ ಕೊಡುವವರಿಗೆ ಒಪ್ಪಿಸುವುದು ಮಾತ್ರ ಕಷ್ಟ. ದೊಡ್ಡ ದಾನಿಗಳಿಗೆ ಕಿಟ್ ಬೇಕು, ಕಿಟ್ ಮೇಲೆ ಹೆಸರು ಬೇಕು. ರೊಟ್ಟಿ ಮೇಲೆ ಲೋಗೊ ಹಾಕಲು ಬರುವುದಿಲ್ಲ ನೋಡಿ. ಇದು ನಮ್ಮ ಹಳ್ಳಿಯ ಗೋಳು ಮಾತ್ರ ಅಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿ ದೇಶಗಳು, ಸಂಸ್ಥೆಗಳು ಒಂದು ಮಾತು ಕೊಟ್ಟಿದ್ದವು. 2020ರ ಹೊತ್ತಿಗೆ ಪರಿಹಾರ ಹಣದ ಶೇಕಡ 25ರಷ್ಟಾದರೂ ಆಯಾ ದೇಶದ, ಆಯಾ ಊರಿನ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ಹೋಗಬೇಕು ಎಂದು. 2020 ಬಂತು, ಹೋಯಿತು. ಗುರಿಯ ಹತ್ತಿರವೂ ಸುಳಿಯಲಿಲ್ಲ.

ನೀರು ಇಳಿದ ಮೇಲೆ ಬರುವ ಭೇದಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಉಪ್ಪು ಸಕ್ಕರೆ ನೀರಿನ ಚಿಕಿತ್ಸೆ ಗಟ್ಟಿಯಾಗಿದ್ದು ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ, 1968ರಲ್ಲಿ. 1971ರ ಯುದ್ಧದಲ್ಲಿ ಓಡಿಬಂದ ನಿರಾಶ್ರಿತರಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅದನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು, ಸಾವು ತೀರಾ ಇಳಿಯಿತು. 1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ತಾಯಂದಿರಿಗೆ ಚಿಟಿಕೆ ಉಪ್ಪು, ಮುಷ್ಟಿ ಬೆಲ್ಲದ ಲೆಕ್ಕ ಹೇಳಿಕೊಟ್ಟಿತು. ಅದರಲ್ಲಿ ನನಗೆ ಹಿಡಿಸಿದ ಸಂಗತಿ ಒಂದಿದೆ. ಕಲಿಸುವವರ ಸಂಬಳ ಎಷ್ಟು ಮನೆಗೆ ಹೋದರು ಎನ್ನುವುದರ ಮೇಲೆ ಇರಲಿಲ್ಲ, ತಾಯಂದಿರಿಗೆ ಆಮೇಲೆ ಎಷ್ಟು ನೆನಪಿದೆ ಎನ್ನುವುದರ ಮೇಲೆ ಇತ್ತು. ನಾವು ಆಶಾ ಕಾರ್ಯಕರ್ತೆಯರ ಜೊತೆ ಓಆರ್‌ಎಸ್ ಪೊಟ್ಟಣ ಹಂಚಿದ ಮೇಲೆ ಅದೇ ರೀತಿ ತಿರುಗಿ ಹೋಗಿ ಕೇಳುತ್ತೇವೆ. ಕಲಸಿ ತೋರಿಸಿ ಅನ್ನುತ್ತೇವೆ.

ಕಲಿಯಲು ಯಾವಾಗಲೂ ಸಮುದ್ರ ದಾಟಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿ ಸುಮಾರು 10,000 ಜನ ಸತ್ತರು. ನಮ್ಮ ಆಳಂದದ ಗಡಿಯಿಂದ ಅದು ದೂರವಿಲ್ಲ. ಇಲ್ಲಿಯೂ ಜನ ಹಾಸಿಗೆಯಿಂದ ಎದ್ದು ಹೊರಗೆ ಓಡಿದ್ದರು. ಅಲ್ಲಿ ಮನೆ ಕಟ್ಟುವ ಕೆಲಸದಲ್ಲಿ ಪಳಗಿದ ಹಳ್ಳಿ ಹೆಂಗಸರು 2001ರಲ್ಲಿ ಗುಜರಾತಿನ ಕಛ್ ನಡುಗಿದಾಗ ಅಲ್ಲಿನ ಹೆಂಗಸರಿಗೆ ಹೇಳಿಕೊಡಲು ಹೋದರು. ಲಾತೂರಿನ ಕಡೆಗೆ ನಮ್ಮ ಗುಂಪಿನವರನ್ನು ಕರೆದುಕೊಂಡು ಹೋಗಿದ್ದೆ. ನಮ್ಮವರು ಕೇಳಿದ ಮೊದಲ ಪ್ರಶ್ನೆ ಮನೆಯ ಬಗ್ಗೆ ಅಲ್ಲ. "ನಿಮ್ಮ ಗಂಡಂದಿರು ನಿಮ್ಮನ್ನ ಅಷ್ಟ ದೂರ ಕಳಿಸಿದ್ರಾ?" ಅಂತ. ಉತ್ತರಕ್ಕೆ ಇಡೀ ಅಂಗಳ ನಕ್ಕಿತು. ಆ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಇಷ್ಟೆಲ್ಲ ಹೇಳಿ, ಬಡ ದೇಶಗಳು ಒಬ್ಬರಿಗೊಬ್ಬರು ಅಣ್ಣತಮ್ಮಂದಿರು ಎಂದು ಹಾಡಿದರೆ ತಪ್ಪಾಗುತ್ತದೆ. ತೊಗರಿಯನ್ನೇ ನೋಡಿ. 2016ರಲ್ಲಿ ಬೇಳೆ ಬೆಲೆ ಏರಿದ್ದಾಗ ಭಾರತ ಮೊಜಾಂಬಿಕ್ ಜೊತೆ ತೊಗರಿ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಆಫ್ರಿಕಾದ ರೈತರು ನಮ್ಮ ಮಾರುಕಟ್ಟೆ ನಂಬಿ ಬಿತ್ತಿದರು. ಆ ವರ್ಷ ನಮ್ಮಲ್ಲೂ ತೊಗರಿ ಭರ್ಜರಿ ಬಂತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಎಂದಿದ್ದರೂ ಕಲಬುರಗಿ ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು. 2017ರ ಆಗಸ್ಟ್‌ನಲ್ಲಿ ಸರ್ಕಾರ ಆಮದಿಗೆ 2 ಲಕ್ಷ ಟನ್ ಮಿತಿ ಹಾಕಿತು. ಇಲ್ಲಿ ನಮಗೆ ನಿಟ್ಟುಸಿರು. ಅಲ್ಲಿ ಮಲಾವಿಯಲ್ಲಿ ಬೆಲೆ ಕುಸಿದು ರೈತರು ಕಂಗಾಲು. ನನ್ನ ಗೆಳೆಯರು ಇದನ್ನು ಹೇಳಿದಾಗ ಅವರ ದನಿಯಲ್ಲಿ ಸಿಟ್ಟು ಇತ್ತು. ನಾನು ಸುಮ್ನೆ ಕೇಳಿಸಿಕೊಂಡೆ. ನಮ್ಮ ರೈತರ ಪರ ನಿಲ್ಲಬೇಕಾದವಳು ನಾನು, ಅವರ ರೈತರ ಪರ ಅವರು. 2021ರಲ್ಲಿ ಮಲಾವಿ ಜೊತೆಗೂ ಭಾರತ ಒಪ್ಪಂದ ಮಾಡಿಕೊಂಡಿತು, ವರ್ಷಕ್ಕೆ 50,000 ಟನ್. ಅವರಿಗೆ ಸಮಾಧಾನ, ನಮ್ಮ ರೈತ ಸಂಘದವರಿಗೆ ಬೇಸರ. ಲಸಿಕೆಯದೂ ಇಂಥದೇ ಕಥೆ. 2021ರ ಆರಂಭದಲ್ಲಿ ಭಾರತ ಹಲವು ದೇಶಗಳಿಗೆ ಕೋವಿಡ್ ಲಸಿಕೆ ಕಳಿಸಿತು. ಎರಡನೇ ಅಲೆ ಎದ್ದ ಕೂಡಲೇ ನಿಲ್ಲಿಸಿತು. ನಮಗೆ ಬೇರೆ ದಾರಿ ಇರಲಿಲ್ಲ, ಕಾದು ಕೂತವರಿಗೂ ಇರಲಿಲ್ಲ.

ಹಾಗಾಗಿ ಸರ್ಕಾರಗಳ ನಡುವಿನ ಸಹಾಯದಲ್ಲಿ ವ್ಯಾಪಾರವೂ ಇರುತ್ತದೆ, ಬಾವುಟವೂ ಇರುತ್ತದೆ, ಅದು ಉತ್ತರದ್ದಾಗಲಿ ದಕ್ಷಿಣದ್ದಾಗಲಿ. ನಾನು ನಂಬುವುದು ಅದರ ಕೆಳಗೆ ನಡೆಯುವ ಕೊಡುಕೊಳ್ಳುವಿಕೆಯನ್ನು. ಕೆಲಸ ಮಾಡುವವರು ಕೆಲಸ ಮಾಡುವವರನ್ನು ಕೇಳುವುದು. ಬಾಂಗ್ಲಾದ ಗೆಳತಿ ನಮ್ಮ ಹಿಂಡಿ ಮಾಡುವ ಬಗೆ ಬರೆಸಿಕೊಂಡಳು, ಅವರ ಆಸರೆ ಕೇಂದ್ರಗಳಲ್ಲಿ ಬೆಂಕಿಯಿಲ್ಲದೆ ತಿನ್ನುವಂಥದ್ದು ಬೇಕಂತೆ. ಮಲಾವಿಯವರು ಜೋಡಿ ಊರಿನ ನಿಧಿಯ ಲೆಕ್ಕಪುಸ್ತಕದ ಫೋಟೊ ಕಳಿಸಿ ಅಂದರು. ನಮ್ಮ ಗುಂಪಿನವರಿಗೆ ಇದು ದೊಡ್ಡ ವಿಷಯವಾಯಿತು. ಅದುವರೆಗೆ ಹೊರಗಿನಿಂದ ಬಂದವರು ಅವರನ್ನು ಕೇಳುತ್ತಿದ್ದುದು ಹೆಸರು, ಜಾತಿ, ಆಧಾರ್ ನಂಬರ್.

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಮತ್ತೆ ದಡ ಮೀರಿತು. ಬೆಳೆ ಹೋಯಿತು. ಹೂವಿಗೆ ಬರಬೇಕಿದ್ದ ತೊಗರಿ ನೀರಲ್ಲಿ ನಿಂತು ಹಳದಿಯಾಯಿತು. ಅದಕ್ಕೆ ನಮ್ಮ ಹತ್ತಿರ ಯಾವ ಮದ್ದೂ ಇರಲಿಲ್ಲ. ಆದರೆ ಪಂಢರಪುರದ ಫೋನ್ ಮೊದಲೇ ಬಂದಿತ್ತು. ಗುಲಾಬಿ ಬಾವುಟಗಳು ಏರಿದವು. ಜೋಡಿ ಊರುಗಳ ಗಿರಣಿಗಳು ಕರೆಂಟ್ ಹೋಗುವ ಮುಂಚೆ ತಿರುಗಿದವು. ಕಾಳಜಿ ಕೇಂದ್ರದಲ್ಲಿ ಮೊದಲ ಸಂಜೆಯೇ ರೊಟ್ಟಿ ಹಿಂಡಿ ಇತ್ತು. ಒಂದು ಊರಿನಲ್ಲಿ ಮಾತ್ರ ಎರಡನೇ ಬಾವುಟಕ್ಕೆ ಮುದುಕರು ಜಪ್ಪಯ್ಯ ಎಂದರೂ ಏಳಲಿಲ್ಲ. "ಭಾಗ್ಯವಂತಿ ಕಾಯ್ತಾಳ" ಎಂದು ಕೂತರು. ಘತ್ತರಗಿಯ ಅಮ್ಮನ ಭಕ್ತರ ಜೊತೆ ವಾದ ಮಾಡುವುದು ಹೇಗೆ? ಅವರ ಮೊಮ್ಮಕ್ಕಳನ್ನು ಮುಂದೆ ಬಿಟ್ಟೆವು, ಅಜ್ಜಾ ಬಾ ಎಂದು ಕೈ ಹಿಡಿದು ಎಳೆದರು. ಆಗ ಎದ್ದರು. ಈಗ ಪಟ್ಟಿಯಲ್ಲಿ ಪ್ರತಿ ಮುದುಕರ ಹೆಸರಿನ ಮುಂದೆ ಕರೆಯಬೇಕಾದ ಮೊಮ್ಮಗನ ಹೆಸರೂ ಇದೆ.

ದನದ ಮೇವಿನ ವಿಷಯದಲ್ಲಿ ಮಾತ್ರ ನಾವಿನ್ನೂ ದಾರಿ ಕಂಡಿಲ್ಲ. ಜನ ಮನೆ ಬಿಟ್ಟು ಬರಲು ಹಿಂದೆಮುಂದೆ ನೋಡುವುದು ದನದ ಕಾರಣಕ್ಕೇ. ಎತ್ತರದ ಊರಿನಲ್ಲಿ ಕಣಕಿಯ ಬಣವೆ ಒಟ್ಟೋಣ ಎಂದರೆ ಜಾಗ ಯಾರದು, ಬೆಂಕಿ ಬಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆ. ಮೇವಿಗೆ ಬೆಲೆ ಕಟ್ಟುವುದು ರೊಟ್ಟಿಗೆ ಕಟ್ಟಿದಷ್ಟು ಸುಲಭವೂ ಅಲ್ಲ, ಬರದ ವರ್ಷ ಅದು ಬಂಗಾರದ ರೇಟು. ಬಾಂಗ್ಲಾದ ನಡುಗಡ್ಡೆಗಳಲ್ಲಿ ಮಣ್ಣಿನ ಎತ್ತರದ ದಿಬ್ಬ ಮಾಡಿ ನೆರೆಯಲ್ಲಿ ದನ ನಿಲ್ಲಿಸುತ್ತಾರೆ. ಕಿಲ್ಲಾ ಅನ್ನುತ್ತಾರೆ ಅದಕ್ಕೆ. ಅದರ ಅಳತೆ, ಇಳಿಜಾರು, ಎಷ್ಟು ದನಕ್ಕೆ ಎಷ್ಟು ಜಾಗ, ಎಲ್ಲ ಕೇಳಿ ಗೆಳತಿಗೆ ವಾಟ್ಸಾಪ್ ಮಾಡಿದ್ದೇನೆ. ಉದ್ಯೋಗ ಖಾತ್ರಿಯಲ್ಲಿ ಅಂಥದ್ದೊಂದು ದಿಬ್ಬ ಹಾಕಿಸಬಹುದಾ ಎಂದು ಪಿಡಿಒ ಸಾಹೇಬರನ್ನೂ ಕೇಳಿದ್ದೇನೆ. ಅಂದಾಜು ಪಟ್ಟಿ ತನ್ನಿ, ನೋಡೋಣ ಎಂದಿದ್ದಾರೆ.